ಬಿಳಿ ಗೀಟಿನ ಪಕ್ಕದಲ್ಲಿ ಮೂಳೆ ಅಳೆಯುವಾಗ

ಈಗೀಗ ನಮ್ಮ ಸೆಂಟರಿಗೆ ಬರುವ ಚೀಟಿಗಳಲ್ಲಿ ಒಂದು ಸಾಲು ಜಾಸ್ತಿ ಕಾಣುತ್ತಿದೆ: 'ಸಿಬಿಸಿಟಿ, ಕೆಳದವಡೆ ಬಲಗಡೆ. ಸ್ಕ್ಯಾಟರ್ ತೆಗೆದು ಕೊಡಿ.' ಸಿಬಿಸಿಟಿ ಅಂದರೆ ದವಡೆಯ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್. ಸ್ಕ್ಯಾಟರ್ ಅಂದರೆ ಇಲ್ಲಿ ಲೋಹದಿಂದಾಗಿ ಚಿತ್ರದ ಮೇಲೆ ಬೀಳುವ ಬಿಳಿ-ಕಪ್ಪು ಗೀಟುಗಳು. ಹಳೇ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸಿದ ಕೃತಕ ಹಲ್ಲಿನ ಬೇರು) ಇದ್ದವರು ಇನ್ನೊಂದಕ್ಕೆ ಬರುತ್ತಾರೆ. ಕೆಲವರಿಗೆ ಇಂಪ್ಲಾಂಟ್ ಸುತ್ತ ವಸಡು ಇಳಿದಿರುತ್ತದೆ, ಮೂಳೆ ಉಳಿದಿದೆಯಾ ಅಂತ ನೋಡಬೇಕಾಗಿರುತ್ತದೆ. ಮೊದಲೆಲ್ಲ ಇದಕ್ಕೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುತ್ತಿದ್ದರು. ಈಗ ಶಿರಸಿಯಲ್ಲೇ ಆಗುತ್ತದೆ. ಸಿದ್ದಾಪುರ, ಯಲ್ಲಾಪುರದಿಂದ ಬರುತ್ತಾರೆ. ದೇವಿಮನೆ ಘಟ್ಟ ಹತ್ತಿ ಕುಮಟಾ ಕಡೆಯಿಂದಲೂ ಬರುತ್ತಾರೆ.

ನಾನು ಇಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಸ್ಕ್ಯಾನ್ ತೆಗೆಯುವುದು, ಚಿತ್ರ ಜೋಡಿಸುವುದು, ಅಳತೆ ಗುರುತು ಮಾಡಿ ರಿಪೋರ್ಟ್ ಬರೆಯುವ ಡಾಕ್ಟರಿಗೆ ಕೊಡುವುದು ನನ್ನ ಕೆಲಸ. ಲೋಹದ ಗೀಟುಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಬರೆದಿಡಬೇಕು ಅಂತ ತುಂಬಾ ದಿನದಿಂದ ಇತ್ತು. ಗೀಟು ಕಡಿಮೆ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಬಟನ್ ಒತ್ತುವ ಮೊದಲೇ ಮುಗಿಯಬೇಕು. ಉಳಿದದ್ದನ್ನು ಸಾಫ್ಟ್‌ವೇರ್ ಒರೆಸಿ ಕೊಡುತ್ತದೆ, ಚಿತ್ರ ಚಂದ ಕಾಣುತ್ತದೆ. ಆದರೆ ಆ ಚಂದದ ಚಿತ್ರದ ಮೇಲೆ ಅಳತೆ ತೆಗೆಯುವ ಮೊದಲು ಅದನ್ನು ಒಮ್ಮೆ ಪರೀಕ್ಷೆ ಮಾಡಲೇಬೇಕು. ಅದಕ್ಕೆ ಬೇಕಾದ ಅಳತೆಗೋಲು ರೋಗಿಯ ಬಾಯಲ್ಲೇ ಇರುತ್ತದೆ.

ಗೀಟು ಯಾಕೆ ಬರುತ್ತದೆ ಅನ್ನೋದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಸಿಬಿಸಿಟಿ ಯಂತ್ರದಲ್ಲಿ ಒಂದು ಕಡೆ ಎಕ್ಸ್‌ರೇ ಟ್ಯೂಬ್, ಎದುರುಗಡೆ ಚಪ್ಪಟೆ ಡಿಟೆಕ್ಟರ್. ಎರಡೂ ತಲೆಯ ಸುತ್ತ ತಿರುಗುತ್ತವೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ನೂರಾರು ಚಿತ್ರ ಆಗುತ್ತವೆ. ಅದನ್ನೆಲ್ಲ ಸೇರಿಸಿ ಕಂಪ್ಯೂಟರ್ ದವಡೆಯನ್ನು ಸಣ್ಣ ಸಣ್ಣ ಘನಗಳಾಗಿ ಕಟ್ಟುತ್ತದೆ. ಅವೇ ವಾಕ್ಸೆಲ್. ಇಂಪ್ಲಾಂಟ್ ಕೆಲಸಕ್ಕೆ ನಾವು ಸಾಮಾನ್ಯವಾಗಿ 0.2 ಮಿ.ಮೀ. ವಾಕ್ಸೆಲ್ ಇಟ್ಟುಕೊಳ್ಳುತ್ತೇವೆ. ಹೀಗೆ ಕಟ್ಟುವ ಲೆಕ್ಕವನ್ನು ಫೆಲ್ಡ್‌ಕಾಂಪ್, ಡೇವಿಸ್, ಕ್ರೆಸ್ ಎಂಬ ಮೂವರು 1984ರಲ್ಲಿ ಕೊಟ್ಟರು. ಇವತ್ತಿಗೂ ಬಹಳಷ್ಟು ಯಂತ್ರಗಳಲ್ಲಿ ಅದೇ ಬುಡ.

ಆ ಲೆಕ್ಕ ಕಿರಣವೆಲ್ಲ ಒಂದೇ ಶಕ್ತಿಯದ್ದು ಅಂತ ನಂಬಿಕೊಂಡು ನಡೆಯುತ್ತದೆ. ನಮ್ಮ ಟ್ಯೂಬಿನಿಂದ ಬರುವ ಕಿರಣ ಹಾಗಿಲ್ಲ. ಅದರಲ್ಲಿ ಮೆತ್ತಗಿನದೂ ಇದೆ, ಗಟ್ಟಿಯದೂ ಇದೆ. ಲೋಹ ಎದುರಾದಾಗ ಮೆತ್ತಗಿನದು ಅಲ್ಲೇ ನಿಂತುಬಿಡುತ್ತದೆ. ಜರಡಿ ಹಿಡಿದಾಗ ಪುಡಿ ಉದುರಿ ಗಟ್ಟಿ ಕಾಳು ಉಳಿದ ಹಾಗೆ, ಆಚೆ ಬರುವುದು ಗಟ್ಟಿ ಕಿರಣ ಮಾತ್ರ. ಕಂಪ್ಯೂಟರಿಗೆ ಇದು ಗೊತ್ತಾಗುವುದಿಲ್ಲ. 'ಇಷ್ಟು ಕಿರಣ ದಾಟಿ ಬಂದಿದೆ ಅಂದರೆ ಮಧ್ಯೆ ಏನೂ ಇಲ್ಲ' ಅಂತ ಲೆಕ್ಕ ಹಾಕಿ ಅಲ್ಲಿ ಕಪ್ಪು ಬಳಿಯುತ್ತದೆ. ಪಕ್ಕಪಕ್ಕ ಎರಡು ಇಂಪ್ಲಾಂಟ್ ಇದ್ದಾಗ ಅವುಗಳ ನಡುವೆ ಕಾಣುವ ಕಪ್ಪು ಪಟ್ಟೆ ಇದೇ. ನೋಡಿದವರಿಗೆ ಮೂಳೆ ಕರಗಿದೆ ಅನ್ನಿಸುತ್ತದೆ. ನಿಜಕ್ಕೂ ಅಲ್ಲಿ ಮೂಳೆ ಗಟ್ಟಿಯಾಗೇ ಇರಬಹುದು.

ಲೋಹ ಇನ್ನೂ ದಪ್ಪ ಇದ್ದರೆ ಕಿರಣವೇ ಆಚೆ ಬರುವುದಿಲ್ಲ. ಆಗ ಬಿಳಿ ಗೀಟುಗಳು ಚಿಮ್ಮುತ್ತವೆ. ಇದರ ಜೊತೆ ಕಿರಣ ಚದುರುವ ತೊಂದರೆ ಬೇರೆ. ಆಸ್ಪತ್ರೆಯ ದೊಡ್ಡ ಸಿಟಿ ಸ್ಕ್ಯಾನ್ ಯಂತ್ರದಲ್ಲಿ ಕಿರಣ ತೆಳುವಾದ ಬೀಸಣಿಗೆಯ ಆಕಾರದಲ್ಲಿ ಹೋಗುತ್ತದೆ. ನಮ್ಮದರಲ್ಲಿ ಅಗಲವಾದ ಕೋನ್. ಹಾಗಾಗಿ ಚದುರಿದ ಕಿರಣವೂ ಡಿಟೆಕ್ಟರಿಗೆ ಜಾಸ್ತಿ ಬೀಳುತ್ತದೆ.

1895ರ ಡಿಸೆಂಬರ್ 22ರಂದು ಎಕ್ಸ್‌ರೇ ಕಂಡುಹಿಡಿದ ರಾಂಟ್ಜನ್ ತನ್ನ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದಾಗಲೂ ಬೆರಳಿನ ಉಂಗುರ ಎದ್ದು ಕಂಡಿತ್ತು. ಅಲ್ಲಿ ಉಂಗುರ ತನ್ನ ಜಾಗ ಬಿಟ್ಟು ಹೋಗಲಿಲ್ಲ. ಒಂದೇ ದಿಕ್ಕಿನಿಂದ ತೆಗೆದ ಚಿತ್ರದ ಗುಣ ಅದು. ಸುತ್ತಲೂ ತೆಗೆದು ಲೆಕ್ಕ ಹಾಕಿ ಕಟ್ಟುವಾಗ ಮಾತ್ರ ಲೋಹ ತನ್ನ ಪಕ್ಕದ ಮೂಳೆಯನ್ನೂ ಕೆಡಿಸುತ್ತದೆ. ಇಂಪ್ಲಾಂಟಿನ ಹಿಂದೆ-ಮುಂದಿನ ಮೂಳೆಯ ಮಟ್ಟ ನೋಡುವುದಕ್ಕೆ ಇವತ್ತಿಗೂ ಬಾಯೊಳಗೆ ಇಟ್ಟು ತೆಗೆಯುವ ಚಿಕ್ಕ ಎಕ್ಸ್‌ರೇ ಬಿಡಬಾರದು ಅನ್ನೋದು ಇದಕ್ಕೇ. ಕೆನ್ನೆ ಕಡೆಯ ಮೂಳೆ ಮಾತ್ರ ಅದರಲ್ಲಿ ಸಿಗುವುದಿಲ್ಲ. ಇಂಪ್ಲಾಂಟಿನ ಹಿಂದೆ ಮುಚ್ಚಿಹೋಗುತ್ತದೆ.

ಎಲ್ಲ ಲೋಹವೂ ಒಂದೇ ಅಲ್ಲ. ಟೈಟಾನಿಯಂನ ಪರಮಾಣು ಸಂಖ್ಯೆ 22. ಮೇಲೆ ಕೂರಿಸುವ ಕ್ಯಾಪಿನೊಳಗೆ ಇರುವ ಕ್ರೋಮಿಯಂ 24, ಕೋಬಾಲ್ಟ್ 27. ಜಿರ್ಕೋನಿಯಾ ಕ್ಯಾಪಿನ ಜಿರ್ಕೋನಿಯಂ 40. ಹುಳುಕಿಗೆ ತುಂಬಿದ ಹಳೇ ಬೆಳ್ಳಿ ಸಿಮೆಂಟಿನಲ್ಲಿ ಬೆಳ್ಳಿ 47, ಪಾದರಸ 80. ಚಿನ್ನದ ಹಲ್ಲಾದರೆ 79. ಸಂಖ್ಯೆ ಏರಿದ ಹಾಗೆ ಕಿರಣ ಹೀರುವುದು ಅದಕ್ಕಿಂತ ಎಷ್ಟೋ ಜೋರಾಗಿ ಏರುತ್ತದೆ. ಅಂದರೆ ಇಂಪ್ಲಾಂಟ್ ಸ್ಕ್ಯಾನ್ ಕೆಡಿಸುವುದು ಎಷ್ಟೋ ಸಲ ಇಂಪ್ಲಾಂಟ್ ಅಲ್ಲವೇ ಅಲ್ಲ. ಅದರ ಮೇಲಿನ ಕ್ಯಾಪು, ಇಲ್ಲಾ ಪಕ್ಕದ ಹಲ್ಲಿನ ಸಿಮೆಂಟು. ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಕೂರಿಸಿದ್ದು ಅದು ಮೂಳೆಗೆ ಬೆಸೆದುಕೊಳ್ಳುತ್ತದೆ ಅನ್ನುವ ಕಾರಣಕ್ಕೆ. ಚಿತ್ರ ತೆಗೆಯುವ ನಮ್ಮಂಥವರಿಗೂ ಅದು ಒಳ್ಳೆಯದೇ ಆಯಿತು. ಪೂರ್ತಿ ಜಿರ್ಕೋನಿಯಾದ ಬಿಳಿ ಇಂಪ್ಲಾಂಟ್ ಇದ್ದವರ ಸ್ಕ್ಯಾನಿನಲ್ಲಿ ಗೀಟು ಟೈಟಾನಿಯಂಗಿಂತ ಎದ್ದು ಕಾಣುತ್ತದೆ.

ಇನ್ನು ತಯಾರಿಯ ವಿಷಯ. ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲೇ.

ತೆಗೆಯಲು ಬರುವ ಲೋಹ ಎಲ್ಲಾ ಹೊರಗೆ. ಕಟ್ಟಿಸಿದ ಹಲ್ಲಿನ ಸೆಟ್ಟು, ಕನ್ನಡಕ, ಕಿವಿಯೋಲೆ, ಹೇರ್‌ಪಿನ್, ಕಿವಿಯ ಮಿಶಿನ್. ಇಂಪ್ಲಾಂಟಿನ ಕ್ಯಾಪನ್ನು ಸ್ಕ್ರೂನಿಂದ ಕೂರಿಸಿದ್ದರೆ ಅದನ್ನು ಬಿಚ್ಚಿ ಕಳಿಸಲು ಆಗುತ್ತದಾ ಅಂತ ಹಲ್ಲಿನ ಡಾಕ್ಟರನ್ನು ಫೋನಿನಲ್ಲಿ ಕೇಳುತ್ತೇನೆ. ಹಳೇ ಬ್ರಿಜ್ ಹೇಗೂ ತೆಗೆಯುವುದಿದ್ದರೆ, ತೆಗೆದು ಪ್ಲಾಸ್ಟಿಕ್ಕಿನ ತಾತ್ಕಾಲಿಕ ಹಲ್ಲು ಹಾಕಿದ ಮೇಲೆ ಸ್ಕ್ಯಾನ್ ಮಾಡಿದರೆ ಗೀಟಿನ ದೊಡ್ಡ ಪಾಲು ಇರುವುದೇ ಇಲ್ಲ. ಇಷ್ಟು ಸಣ್ಣ ಹೊಂದಾಣಿಕೆಯಿಂದ ಆಗುವ ಉಪಕಾರ ಯಾವ ದುಬಾರಿ ಸಾಫ್ಟ್‌ವೇರಿನಿಂದಲೂ ಆಗುವುದಿಲ್ಲ. ಡಾಕ್ಟರುಗಳು ದಯವಿಟ್ಟು ಇದನ್ನು ಗಮನಿಸಬೇಕು.

ಮೂಗುತಿ, ತಾಳಿ ವಿಷಯದಲ್ಲಿ ಮಾತ್ರ ಸುಮ್ನೆ ಹಟ ಮಾಡಬಾರದು. ಅಂಕೋಲಾ ಕಡೆಯ ಒಬ್ಬರು ಅಜ್ಜಿ ಬಂದಿದ್ದರು. ಮದುವೆಯಾದಾಗಿನಿಂದ ಮೂಗಿನಲ್ಲೇ ಇದ್ದ ಮೂಗುತಿ. "ಇದ ತೆಗೂದಿಲ್ಲ ತಂಗಿ, ಬೇಕಾದ್ರೆ ಹಲ್ಲೇ ಬ್ಯಾಡ" ಅಂದರು. ಅವರ ಚೀಟಿಯಲ್ಲಿ ಇದ್ದದ್ದು ಕೆಳದವಡೆಯ ಹಿಂಭಾಗ. ಕಿರಣವನ್ನು ಕೆಳದವಡೆಯಷ್ಟೇ ಎತ್ತರಕ್ಕೆ ಕಟ್ಟಿಹಾಕಿದರೆ ಮೂಗುತಿ ಅದರ ದಾರಿಗೇ ಬರುವುದಿಲ್ಲ. "ಇರಲಿ ಅಜ್ಜಿ, ತೆಗೆಯೋದು ಬೇಡ" ಅಂದೆ. ಮೇಲಿನ ಎದುರು ಹಲ್ಲಿನ ಸ್ಕ್ಯಾನ್ ಆಗಿದ್ದರೆ ಹಾಗೆ ಹೇಳಲು ಬರುತ್ತಿರಲಿಲ್ಲ. ತಾಳಿಯನ್ನು ಅಂಗಿಯೊಳಗೆ ಕೆಳಗೆ ಸರಿಸಿ, ಕುತ್ತಿಗೆಯ ಹಿಂದೆ ಸರ ಮೇಲೇರದ ಹಾಗೆ ಟೇಪ್ ಹಚ್ಚಿದರೆ ಸಾಕಾಗುತ್ತದೆ. ಹಾಂ, ಥೈರಾಯಿಡ್ ಕಾಲರ್ ಕೂಡ ಸೀಸದ್ದೇ. ಅದು ಮೇಲೆ ಸರಿದು ಕಿರಣಕ್ಕೆ ಅಡ್ಡ ಬಂದರೆ ಇಡೀ ಸ್ಕ್ಯಾನ್ ಹಾಳು.

ಚೌಕಟ್ಟು, ಅಂದರೆ ಸ್ಕ್ಯಾನಿನಲ್ಲಿ ಹಿಡಿಯುವ ಜಾಗ, ಚಿಕ್ಕದಿದ್ದಷ್ಟೂ ಒಳ್ಳೆಯದು. ಡೋಸ್ (ದೇಹಕ್ಕೆ ಬೀಳುವ ಕಿರಣ) ಕಡಿಮೆ, ಚದುರುವುದೂ ಕಡಿಮೆ. ಆದರೆ ಚೌಕಟ್ಟಿನ ಹೊರಗೆ ಇದ್ದರೂ ಅದೇ ಎತ್ತರದಲ್ಲಿರುವ ಲೋಹ ಕಿರಣದ ದಾರಿಯಲ್ಲೇ ಇರುತ್ತದೆ. ಎಡಗಡೆಯ ಬೆಳ್ಳಿ ಸಿಮೆಂಟ್ ಬಲಗಡೆಯ ಚಿತ್ರಕ್ಕೆ ಗೀಟು ಎಳೆಯಬಲ್ಲದು. ಹೀಗಾಗಿ ಬಾಯಿ ಪೂರ್ತಿ ನೋಡದೆ ಸ್ಕ್ಯಾನ್ ಶುರು ಮಾಡುವುದು ಸರಿಯಲ್ಲ. ನಾನು ಟಾರ್ಚ್ ಹಿಡಿದು ಎರಡೂ ಕಡೆ ನೋಡಿಯೇ ಯಂತ್ರದ ಹತ್ತಿರ ಕರೆಯುವುದು.

ತಲೆ ಇಡುವ ರೀತಿಯೇ ಎಲ್ಲಕ್ಕಿಂತ ಮುಖ್ಯ. ಯಂತ್ರ ತಿರುಗುವುದು ನೆಲಕ್ಕೆ ಸಮವಾಗಿ. ಗೀಟುಗಳೂ ಮುಖ್ಯವಾಗಿ ಅದೇ ಮಟ್ಟದಲ್ಲಿ ಹರಡುತ್ತವೆ. ಕಚ್ಚುವ ಹಲ್ಲಿನ ಸಾಲನ್ನು ನೆಲಕ್ಕೆ ಸಮವಾಗಿ ನಿಲ್ಲಿಸಿದರೆ ಕ್ಯಾಪಿನ ಗೀಟು ಕ್ಯಾಪಿನ ಮಟ್ಟದಲ್ಲೇ ಉಳಿಯುತ್ತದೆ, ಕೆಳಗಿನ ಮೂಳೆ ಸ್ವಚ್ಛ ಸಿಗುತ್ತದೆ. ಗದ್ದ ಎತ್ತಿದ್ದರೆ ಅದೇ ಗೀಟು ಓರೆಯಾಗಿ ಹೋಗಿ ನಾವು ಅಳೆಯಬೇಕಾದ ಮೂಳೆಯ ಮೇಲೇ ಬೀಳುತ್ತದೆ. ಮೇಲೆ-ಕೆಳಗೆ ಎರಡೂ ಕಡೆ ಕ್ಯಾಪ್ ಇದ್ದರೆ ಮಧ್ಯೆ ಹತ್ತಿಯ ರೋಲ್ ಕಚ್ಚಿಸಿ ದೂರ ಮಾಡುತ್ತೇನೆ. ಕೆನ್ನೆ ಮತ್ತು ವಸಡಿನ ನಡುವೆಯೂ ಒಂದು ರೋಲ್ ಇಟ್ಟರೆ ವಸಡಿನ ಅಂಚು ಬೇರೆಯಾಗಿ ಕಾಣುತ್ತದೆ. ಆಮೇಲೆ ಅಲುಗಾಡದಿರುವುದು. ನಾಲಿಗೆ ಮೇಲಕ್ಕೆ ಒತ್ತಿ, ಕಣ್ಣು ಮುಚ್ಚಿ, ಎಂಜಲು ನುಂಗಬೇಡಿ ಅಂತ ಹೇಳುತ್ತೇನೆ. ಕವಳ (ಎಲೆ-ಅಡಿಕೆ) ಹಾಕುವವರಿಗೆ ಬಾಯಿ ಚೆನ್ನಾಗಿ ಮುಕ್ಕಳಿಸಲು, ನುಂಗುವುದಿದ್ದರೆ ಮೊದಲೇ ನುಂಗಲು ಹೇಳಬೇಕು. ಲೋಹದ ಗೀಟಿನ ಮೇಲೆ ಅಲುಗಾಟದ ಎರಡು ಅಂಚು ಸೇರಿದರೆ ಆ ಚಿತ್ರದಲ್ಲಿ ಅಳೆಯಲು ಏನೂ ಉಳಿಯುವುದಿಲ್ಲ.

ಕೆವಿ (ಕಿರಣದ ಶಕ್ತಿ) ಏರಿಸಲು ಬರುವ ಯಂತ್ರವಾದರೆ ಲೋಹ ಇದ್ದವರಿಗೆ ಸ್ವಲ್ಪ ಏರಿಸಬಹುದು. ಕಿರಣ ಗಟ್ಟಿಯಾದಷ್ಟೂ ಕಪ್ಪು ಪಟ್ಟೆ ಕಡಿಮೆ. ಎಂಎ (ಕಿರಣದ ಪ್ರಮಾಣ) ಮಾತ್ರ ಏರಿಸಿದರೆ ಚಿತ್ರದ ಕಾಳುಕಾಳು ಚುಕ್ಕೆ ಕಡಿಮೆಯಾಗುತ್ತದೆ, ಡೋಸ್ ಜಾಸ್ತಿಯಾಗುತ್ತದೆ, ಕಪ್ಪು ಪಟ್ಟೆ ಇದ್ದಲ್ಲೇ ಇರುತ್ತದೆ.

ಹುಲೇಕಲ್ ಕಡೆಯ ಒಬ್ಬರು ಅಡಿಕೆ ಬೆಳೆಗಾರರ ಸ್ಕ್ಯಾನ್ ಹೇಳಿದರೆ ಅಳತೆಯ ವಿಷಯ ಬಿಡಿಸಿ ಹೇಳಿದ ಹಾಗಾಗುತ್ತದೆ. ಕೆಳಗೆ ಬಲಗಡೆ ಎರಡು ಇಂಪ್ಲಾಂಟ್, ಮೇಲೆ ಕೂಡಿಸಿದ ಕ್ಯಾಪ್. ಡಾಕ್ಟರು ಎರಡು ಪ್ರಶ್ನೆ ಕೇಳಿದ್ದರು. ಹಿಂದೆ ಮೂರನೆಯದಕ್ಕೆ ಜಾಗ ಇದೆಯಾ? ಮುಂದಿನ ಇಂಪ್ಲಾಂಟಿನ ಕೆನ್ನೆ ಕಡೆಯ ಮೂಳೆ ಉಳಿದಿದೆಯಾ?

"ಇಂಪ್ಲಾಂಟ್ ಹಾಕಿದಾಗ ಕೊಟ್ಟ ಕಾರ್ಡ್ ತಂದಿದ್ದೀರಾ ಮಾವ?" ಅಂತ ಕೇಳಿದೆ.

"ಎಂತ ಕಾರ್ಡ್ ತಂಗಿ? ಹಲ್ಲು ಇಲ್ಲೇ ಉಂಟಲ್ಲ."

ಮನೆಗೆ ಫೋನ್ ಮಾಡಿಸಿದೆ. ಅವರ ಮಗ ಗೋದ್ರೇಜಿನಿಂದ ಕಾರ್ಡ್ ಹುಡುಕಿ ಫೋಟೋ ಕಳಿಸಿದ. ಸ್ಟಿಕ್ಕರಿನಲ್ಲಿ ಅಡ್ಡಳತೆ 4.2, ಉದ್ದ 10 ಅಂತ ಇತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ.

ಮೊದಲು ಯಾವ ತಿದ್ದುಪಡಿಯೂ ಇಲ್ಲದ ಚಿತ್ರ. ಸ್ಲೈಸನ್ನು, ಅಂದರೆ ದವಡೆ ಕತ್ತರಿಸಿದ ಹಾಗೆ ಕಾಣುವ ಪದರವನ್ನು, ಇಂಪ್ಲಾಂಟಿನ ನೇರಕ್ಕೆ ತಿರುಗಿಸಿಕೊಂಡೆ. ಓರೆ ಸ್ಲೈಸಿನಲ್ಲಿ ಉರುಟಾದದ್ದೂ ಉದ್ದುದ್ದ ಕಾಣುತ್ತದೆ, ಹಾಗಾಗಿ ಇದನ್ನು ಬಿಟ್ಟರೆ ಮುಂದಿನ ಅಳತೆಯೆಲ್ಲ ತಪ್ಪು. ಅಡ್ಡಲಾಗಿ ಅಳೆದರೆ 4.8 ಬಂತು. ಕಾರ್ಡಿನಲ್ಲಿ 4.2. ಅಂದರೆ ಲೋಹ ಚಿತ್ರದಲ್ಲಿ 0.6 ಮಿ.ಮೀ. ಊದಿಕೊಂಡಿದೆ, ಪ್ರತಿ ಬದಿಗೆ ಸುಮಾರು 0.3. ಊದಿಕೊಂಡ ಲೋಹ ನುಂಗಿದ್ದು ಪಕ್ಕದ ಮೂಳೆಯನ್ನು. ಕೆನ್ನೆ ಕಡೆ ಮೂಳೆ 0.6 ಅಂತ ತೋರುತ್ತಿತ್ತು. ನಿಜವಾದದ್ದು 0.9ರ ಆಸುಪಾಸು ಇರಬಹುದು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಸ್ವಲ್ಪ ಜಗ್ಗಿದರೂ ಅಂಚು ಅತ್ತಿತ್ತ ಸರಿಯುತ್ತದೆ. ಆದ್ದರಿಂದ ಮೊದಲು ಇಂಪ್ಲಾಂಟಿನ ಅಡ್ಡಳತೆ ಕಾರ್ಡಿಗೆ ಹತ್ತಿರ ಬರುವ ಹಾಗೆ ವಿಂಡೋ (ಬ್ರೈಟ್‌ನೆಸ್, ಕಾಂಟ್ರಾಸ್ಟಿನ ಮಟ್ಟ) ಹೊಂದಿಸಿ, ಅದೇ ವಿಂಡೋದಲ್ಲಿ ಮೂಳೆ ನೋಡುವುದು ನನ್ನ ಪದ್ಧತಿ.

ಆಮೇಲೆ ಎಂಎಆರ್ (ಲೋಹದ ಗೀಟು ಒರೆಸುವ ಸಾಫ್ಟ್‌ವೇರ್) ಹಾಕಿದ ಚಿತ್ರ ತೆರೆದೆ. ಇಂಪ್ಲಾಂಟ್ 4.3. ಕಪ್ಪು ಪಟ್ಟೆ ಹೆಚ್ಚುಕಡಿಮೆ ಮಾಯ. ಎಷ್ಟು ಚೊಕ್ಕ ಅಂದರೆ ಯಾರಿಗಾದರೂ ಇದನ್ನೇ ಕಳಿಸೋಣ ಅನ್ನಿಸಬೇಕು. ಆದರೆ ಮೊದಲ ಚಿತ್ರದಲ್ಲಿ ಮಸುಕಾಗಿ ಆದರೂ ಕಂಡಿದ್ದ ಕೆನ್ನೆ ಕಡೆಯ ಮೂಳೆ ಇದರಲ್ಲಿ ನಡುವೆ ಒಂದಿಷ್ಟು ದೂರ ಇರಲೇ ಇಲ್ಲ.

ಇದು ಹೀಗಾಗುವುದಕ್ಕೆ ಕಾರಣ ಇದೆ. ಎಂಎಆರ್ ಸಾಮಾನ್ಯವಾಗಿ ಮಾಡುವುದು ಏನೆಂದರೆ, ಇಷ್ಟಕ್ಕಿಂತ ಬಿಳಿ ಇರುವುದೆಲ್ಲ ಲೋಹ ಅಂತ ಗುರುತಿಸಿ, ಮೂಲ ಚಿತ್ರಗಳಲ್ಲಿ ಆ ಲೋಹದ ನೆರಳು ಬಿದ್ದ ಜಾಗ ಕತ್ತರಿಸಿ, ಅಕ್ಕಪಕ್ಕದ ಬೆಲೆ ನೋಡಿ ಅಲ್ಲಿ ತುಂಬುತ್ತದೆ. ಆಮೇಲೆ ದವಡೆಯನ್ನು ಮತ್ತೆ ಕಟ್ಟುತ್ತದೆ. 1987ರಲ್ಲೇ ಜರ್ಮನಿಯ ಕಾಲೆಂಡರ್ ಮತ್ತು ಜೊತೆಯವರು ಈ ತುಂಬುವ ದಾರಿ ತೋರಿಸಿದ್ದರು. ಈಗಿನವು ಅದಕ್ಕಿಂತ ಎಷ್ಟೋ ಮುಂದೆ ಬಂದಿವೆ. ಹಾಗಿದ್ದರೂ ಲೋಹಕ್ಕೆ ಅಂಟಿಕೊಂಡ ಒಂದು ಮಿಲಿಮೀಟರಿನೊಳಗಿನ ಬೆಲೆಯಲ್ಲಿ ಅಂದಾಜಿನ ಪಾಲು ಇದ್ದೇ ಇರುತ್ತದೆ. ನಮಗೆ ಅಳೆಯಬೇಕಾದ ತೆಳು ಮೂಳೆ ಇರುವುದೂ ಸರಿಯಾಗಿ ಅಲ್ಲೇ.

ಲೋಹದಿಂದ ದೂರ ಇರುವುದನ್ನು ನೋಡಲು ಎಂಎಆರ್ ತುಂಬಾ ಸಹಾಯ. ಲೋಹಕ್ಕೆ ತಾಗಿದ್ದನ್ನು ಅಳೆಯಲು ಎರಡೂ ಚಿತ್ರ ಪಕ್ಕಪಕ್ಕ ಬೇಕು. ಒಂದೇ ಸ್ಕ್ಯಾನಿನಿಂದ ಎರಡೂ ತೆಗೆಯಬಹುದು, ಅದಕ್ಕೆ ಬೇರೆ ಡೋಸ್ ಇಲ್ಲ. ಕೆಲವು ಯಂತ್ರಗಳಲ್ಲಿ ಮಾತ್ರ ಸ್ಕ್ಯಾನಿಗೆ ಮೊದಲೇ ಆರಿಸಿಕೊಳ್ಳಬೇಕಾಗುತ್ತದೆ, ಅದನ್ನು ನೋಡಿಕೊಳ್ಳಬೇಕು. ನಾನು ಎರಡೂ ಸೆಟ್ಟಿಗೆ ಹೆಸರು ಹಾಕಿ ಕೊಡುತ್ತೇನೆ, ಯಾವುದು ತಿದ್ದಿದ್ದು ಯಾವುದು ತಿದ್ದದೇ ಇರುವುದು ಅಂತ ಸ್ಪಷ್ಟ ಇರಬೇಕು.

ಆ ಮಾವನ ರಿಪೋರ್ಟಿನಲ್ಲಿ ಮುಂದಿನ ಇಂಪ್ಲಾಂಟಿಗೆ ನಾವು ಅಂಕಿ ಕೊಡಲಿಲ್ಲ. 'ಕೆನ್ನೆ ಕಡೆ ತೆಳು ಮೂಳೆ ಇದೆ, 1 ಮಿ.ಮೀ.ಗಿಂತ ಕಡಿಮೆ, ಲೋಹದ ಪ್ರಭಾವದಿಂದ ನಿಖರ ಅಳತೆ ಆಗುವುದಿಲ್ಲ' ಅಂತ ಬರೆಯಲಾಯಿತು. ಜೊತೆಗೆ ಚಿಕ್ಕ ಎಕ್ಸ್‌ರೇ. ಹಲ್ಲಿನ ಡಾಕ್ಟರು ವಸಡಿಗೆ ಪ್ರೋಬ್ (ಆಳ ಅಳೆಯುವ ಕಡ್ಡಿ) ಹಾಕಿ ನೋಡಿದರು, ಆಳವೂ ಇರಲಿಲ್ಲ, ರಕ್ತವೂ ಬರಲಿಲ್ಲ. ವಸಡು ಬಿಚ್ಚಿ ನೋಡುವ ಮಾತು ಅಲ್ಲಿಗೆ ನಿಂತಿತು. ಹಿಂದಿನ ಜಾಗದಲ್ಲಿ ಗೀಟು ಬಿದ್ದದ್ದು ಮೇಲಿನ ಅಂಚಿಗೆ ಮಾತ್ರ. ಮೂಳೆಯ ತುದಿಯಿಂದ ನರದ ಕಾಲುವೆಯವರೆಗೆ 13.4 ಮಿ.ಮೀ. ಸಿಕ್ಕಿತು. ನರದ ಮೇಲೆ 2 ಮಿ.ಮೀ. ಬಿಡಬೇಕು ಅನ್ನೋದು ರೂಢಿ. 10ರ ಇಂಪ್ಲಾಂಟ್ ಆರಾಮಾಗಿ ಕೂರುತ್ತದೆ. ಈ ಅಂಕಿಯನ್ನು ನಾನು ಧೈರ್ಯವಾಗಿ ಕೊಟ್ಟೆ, ಯಾಕೆಂದರೆ ಅಲ್ಲಿ ಲೋಹ ಇಲ್ಲ. ಪಕ್ಕದ ಇಂಪ್ಲಾಂಟಿನ ಉದ್ದ ಅಳೆದರೆ ಕಾರ್ಡಿನ 10ಕ್ಕೆ ಹತ್ತಿರವೇ ಬರುತ್ತಿತ್ತು.

ಗೊತ್ತಿರುವ ಅಳತೆಯ ಲೋಹ ಇಟ್ಟು ಗೊತ್ತಿಲ್ಲದ್ದನ್ನು ಅಳೆಯುವುದು ಹೊಸದೇನೂ ಅಲ್ಲ. ಒಪಿಜಿಯಲ್ಲಿ (ಇಡೀ ದವಡೆಯನ್ನು ಒಂದೇ ಚಪ್ಪಟೆ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ) ಚಿತ್ರ ದೊಡ್ಡದಾಗಿ ಬರುತ್ತದೆ ಅಂತ ಹಿಂದೆ 5 ಮಿ.ಮೀ. ಸ್ಟೀಲ್ ಗುಂಡನ್ನು ಮೇಣದಲ್ಲಿ ಅಂಟಿಸಿ ಬಾಯಲ್ಲಿ ಇಡುತ್ತಿದ್ದರು. ಗುಂಡು ಎಷ್ಟು ದೊಡ್ಡದಾಗಿ ಕಂಡಿತೋ ಅದರ ಲೆಕ್ಕದಲ್ಲಿ ಮೂಳೆ. ಸಿಬಿಸಿಟಿಯಲ್ಲಿ ಅಂಥ ಗುಂಡು ಹೊರಗಿನಿಂದ ಇಟ್ಟರೆ ಅದೇ ಗೀಟು ಎಳೆಯುತ್ತದೆ. ಒಳಗೇ ಇರುವ ಇಂಪ್ಲಾಂಟನ್ನು ಬಳಸಿಕೊಳ್ಳುವುದು ಒಳ್ಳೆಯದು.

ಸರ್ಜಿಕಲ್ ಗೈಡ್ (ಇಂಪ್ಲಾಂಟಿಗೆ ಎಲ್ಲಿ ಕೊರೆಯಬೇಕು ಅಂತ ತೋರಿಸುವ ತೂತಿನ ಅಚ್ಚು) ಮಾಡಿಸುವವರಿಗೆ ಇನ್ನೊಂದು ಮಾತು. ಗೈಡ್ ಮಾಡಲು ಸಿಬಿಸಿಟಿಯ ಮೂಳೆ ಮತ್ತು ಬಾಯಿಯ ಸ್ಕ್ಯಾನರಿನ ಹಲ್ಲು, ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಕೂರಿಸಲು ಹಿಡಿಯುವುದು ಹಲ್ಲಿನ ಮೇಲ್ಮೈಯನ್ನೇ. ನಾಲ್ಕೈದು ಕ್ಯಾಪ್ ಇರುವ ಬಾಯಲ್ಲಿ ಆ ಮೇಲ್ಮೈಯೆಲ್ಲ ಗೀಟಿನಲ್ಲಿ ಮುಳುಗಿರುತ್ತದೆ. ತಪ್ಪು ಅಂಚಿಗೆ ಕೂತರೆ ಗೈಡಿನ ತೂತೇ ಸರಿಯುತ್ತದೆ. ಅಂಥವರಿಗೆ ಗಟಾಪರ್ಚಾ (ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ರಬ್ಬರಿನಂಥ ವಸ್ತು) ಚುಕ್ಕಿಗಳನ್ನು ಹಾಕಿದ ಅಕ್ರಿಲಿಕ್ ಪ್ಲೇಟ್ ಮಾಡಿಸಿ, ಅದನ್ನು ಬಾಯಲ್ಲಿ ಇಟ್ಟು ಒಮ್ಮೆ, ಪ್ಲೇಟನ್ನು ಮಾತ್ರ ಇಟ್ಟು ಇನ್ನೊಮ್ಮೆ ಸ್ಕ್ಯಾನ್ ತೆಗೆದರೆ ಚುಕ್ಕಿಗೆ ಚುಕ್ಕಿ ಸರಿಯಾಗಿ ಕೂರುತ್ತದೆ. ಚುಕ್ಕಿಗಳು ಕ್ಯಾಪಿನ ಮಟ್ಟಕ್ಕಿಂತ ಕೆಳಗೆ, ವಸಡಿನ ಪಕ್ಕ ಇರಲಿ. ಎರಡನೇ ಸ್ಕ್ಯಾನಿಗೆ ರೋಗಿ ಬೇಕಾಗಿಯೇ ಇಲ್ಲ.

ಇಷ್ಟೆಲ್ಲ ಯಾಕೆ, ಸರಿ ಬರದಿದ್ದರೆ ಇನ್ನೊಮ್ಮೆ ತೆಗೆದರಾಯಿತು ಅಲ್ವಾ ಅಂತ ಕೇಳುವವರಿದ್ದಾರೆ. ಆಗಬಾರದು. ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುಸ್ಥಾವರ ಇದೆ. 2000ದಲ್ಲಿ ಅಲ್ಲಿ ಸ್ಥಾವರ ಶುರುವಾದಾಗಿನಿಂದ ರೇಡಿಯೇಷನ್ ಅಂದರೆ ಇಲ್ಲಿಯವರು ಕಿವಿ ನೆಟ್ಟಗೆ ಮಾಡುತ್ತಾರೆ. ಸ್ಕ್ಯಾನಿಗೆ ಬಂದವರು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಕೈಗಾದ ಮೇಲೆ ಕಣ್ಣಿಟ್ಟಿರುವ ಅಣುಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯೇ ನಮ್ಮ ಯಂತ್ರಕ್ಕೂ ನಿಯಮ ಹಾಕುವುದು. ಭೂಮಿಯಿಂದ, ಆಕಾಶದಿಂದ, ಉಸಿರಾಡುವ ಗಾಳಿಯಿಂದ ಸಹಜವಾಗಿ ಒಬ್ಬರಿಗೆ ವರ್ಷಕ್ಕೆ ಬರುವುದು ಪ್ರಪಂಚದ ಸರಾಸರಿ ಲೆಕ್ಕದಲ್ಲಿ 2.4 ಮಿಲಿಸೀವರ್ಟ್. ಚಿಕ್ಕ ಚೌಕಟ್ಟಿನ ಹಲ್ಲಿನ ಸಿಬಿಸಿಟಿ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಡಿಮೆ. ಕಡಿಮೆ ಅನ್ನುವ ಕಾರಣಕ್ಕೆ ಎರಡೆರಡು ಸಲ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಹತ್ತಿ ರೋಲ್ ಇಡಲು, ಗದ್ದ ಸರಿ ಮಾಡಲು ಐದು ನಿಮಿಷ ಜಾಸ್ತಿ ಹೋದರೆ ಹೋಗಲಿ.

ಇನ್ನು ವಾಟ್ಸಾಪ್. ಸ್ಕ್ಯಾನ್ ಮುಗಿದ ಕೂಡಲೇ 'ಸ್ಕ್ರೀನ್‌ಶಾಟ್ ಹಾಕಿ' ಅಂತ ಮೆಸೇಜ್ ಬರುತ್ತದೆ. ನೋಡಲು ಹಾಕುತ್ತೇನೆ. ಅದರ ಮೇಲೆ ದಯವಿಟ್ಟು ಅಳೆಯಬೇಡಿ. ಸ್ಲೈಸ್ ತಿರುಗಿಸಲು, ವಿಂಡೋ ಬದಲಿಸಲು ಅದರಲ್ಲಿ ಬರುವುದಿಲ್ಲ. ಸ್ಕ್ಯಾನಿನ ಮೂಲ ಫೈಲು, ಅಂದರೆ ಡೈಕಾಮ್ ಫೈಲನ್ನೇ ತೆರೆಯಿರಿ. ಅದರಲ್ಲೂ ಲೋಹದ ಪಕ್ಕ ಮೌಸ್ ಇಟ್ಟಾಗ ಬರುವ ಗ್ರೇ ಸಂಖ್ಯೆ ನೋಡಿ ಮೂಳೆ ಗಟ್ಟಿಯೋ ಮೆತ್ತಗೋ ಅಂತ ಹೇಳಬೇಡಿ. ಸಿಬಿಸಿಟಿಯ ಆ ಸಂಖ್ಯೆ ದೊಡ್ಡ ಸಿಟಿ ಸ್ಕ್ಯಾನಿನಲ್ಲಿ ಸಾಂದ್ರತೆ ತೋರಿಸುವ ಹೌನ್ಸ್‌ಫೀಲ್ಡ್ ಅಳತೆಯ ಹಾಗೆ ಅಲ್ಲ, ಲೋಹದ ಹತ್ತಿರ ಅಂತೂ ಅದಕ್ಕೆ ಅರ್ಥವೇ ಇರುವುದಿಲ್ಲ.

ಇಂಪ್ಲಾಂಟ್ ಹಾಕಿಸಿಕೊಂಡವರು ಕಾರ್ಡನ್ನು ಆಧಾರ್ ಜೊತೆಗೇ ಇಟ್ಟುಕೊಳ್ಳಿ, ಸ್ಟಿಕ್ಕರಿನ ಫೋಟೋ ಫೋನಿನಲ್ಲೂ ಇರಲಿ. ಅಡ್ಡಳತೆ, ಉದ್ದ, ಕಂಪನಿ, ಲಾಟ್ ನಂಬರ್ ಎಲ್ಲ ಅದರಲ್ಲೇ ಇರುತ್ತದೆ. ಕಾರ್ಡ್ ಕೊಟ್ಟಿಲ್ಲದಿದ್ದರೆ ಹಾಕಿದ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ. ಹಲ್ಲಿನ ಡಾಕ್ಟರುಗಳು ಸ್ಕ್ಯಾನಿಗೆ ಚೀಟಿ ಬರೆಯುವಾಗ ಆ ಎರಡು ಅಂಕಿ ಮತ್ತು ಕ್ಯಾಪ್ ಯಾವ ಲೋಹದ್ದು ಅನ್ನೋದನ್ನು ಒಂದು ಸಾಲಿನಲ್ಲಿ ಸೇರಿಸಿದರೆ, ನಾನು ಅದೇ ದಿನ ಎರಡೂ ಸೆಟ್ ಚಿತ್ರ ಸರಿಪಡಿಸಿ ಕಳಿಸುತ್ತೇನೆ.